ಎರಡು ಅರ್ಧ ತಿಕೀಟು

ಹರಿಯೂದು ನನ್ನ ಕೆಲಸ, ತಿಕೀಟು.
ಹರಿಯೂದು ಹೊಳಿ ಕೆಲಸ ಸುದ್ದಾ.
ಹತ್ತೊಂಬತ್ತು ವರ್ಷ ಒಂದೇ ದಾರ್ಯಾಗ ಎದುರಾಬದುರು:
ಅದು ಆಂಬೋಲಿಯಿಂದ ಇಳದು ಬರತಿತ್ತು,
ನಾ ಗಡಹಿಂಗ್ಲಜದಿಂದ ಹತ್ತಿ ಹೋಗತಿದ್ದೆ
ಎಸ್ಟಿ ಬಾಗಲದಾಗ ನಿಂತು,
ಒಂದು ಕೈ ಕಂಬಕ್ಕ, ಒಂದು ಕೈ ಚಿಲ್ಲರಿ ಚೀಲಕ್ಕ.

‘ನಾಂಗರತಾಸ ಫಾಟಾ! ಉತರಾ, ಉತರಾ!’
ಒದರೂದು ಮರಾಠಿಯೊಳಗ.
ರೊಕ್ಕ ಎಣಸೂದು ಮಾತ್ರ ಕನ್ನಡದಾಗ, ತುಟಿ ಅಲುಗಸದ.
ಮರಾಠಿ ಲೆಕ್ಕ ನಲವತ್ತು ದಾಟಿದ್ರ ನನಗ ಕಾಲು ಜಾರತಾವ,
ಏಕೋಣಪನ್ನಾಸ ಅಂದ್ರ ನಲವತ್ತೊಂಬತ್ತೋ
ಐವತ್ತೊಂಬತ್ತೋ
ಇವತ್ತಿಗೂ ಒಂದು ಗಳಿಗಿ ನಿಂದರತೀನಿ.

ಇಳದವರು ಮಂಜಿನ್ಯಾಗ ಕರಗತಿದ್ರು,
ತೊಯ್ಸಿಕೊಂಡು ಬಂದು ನನ್ನ ಸೀಟು ತೊಯ್ಸತಿದ್ರು.
ಒಮ್ಮಿಯೂ ಇಳೀಲಿಲ್ಲ ನಾ.
ಡಬಲ್ ಬೆಲ್. ಹೋಗೂಣು.

ಈ ಶ್ರಾವಣದಾಗ ಒಂದು ಮಂಗಳವಾರ ರಜಾ ಹಾಕಿ
ನೂಲಿನ ಸಾವಂತ್ರೆವ್ವನ ಕರಕೊಂಡು ಹೊಂಟೆ.
ಅಕಿ ವಖಾರದಾಗ ಮೆಣಸಿನಕಾಯಿ ತೊಟ್ಟು ಮುರಿಯಾಕಿ.
ರಾತ್ರಿ ಮಜ್ಜಿಗ್ಯಾಗ ಕೈ ಅದ್ದಿ ಕುಂದರತಾಳ,
ಮಗ್ಗಲಾಗಿ ಕಣ್ಣು ಒರಸಿಕೊಂಡ್ರ ಮುಗೀತು, ನಿದ್ದಿ ಇಲ್ಲ.
‘ಅಷ್ಟೆತ್ತರದಿಂದ ಬೀಳೂ ನೀರು ತಂಪು ಇರಬೇಕಲ್ಲ?’
ಇರಬೇಕು, ಅಂದೆ.

ಕಂಡಕ್ಟರ ಹುಡುಗ ಹೊಸಬ. ನಾ ಪಾಸು ತಗೀಲಿಲ್ಲ.
ಹೆಣ್ಣಮಕ್ಕಳಿಗೆ ಅರ್ಧ. ಮಶೀನು ಎರಡು ಅರ್ಧ ಕಕ್ಕಿತು.
‘ಇಬ್ಬರೂ ಕೂಡಿ ಒಂದು ಮನಶಾ ಆದ್ವೇನ’
ಅಂತ ನಕ್ಕಳು ಸಾವಂತ್ರೆವ್ವ.

ಆಜ್ರಾದ ರಾಮತೀರ್ಥದಾಗ ಹೊಳಿ ಅಗಲಕ್ಕ ಬೀಳತೈತಿ,
ಕಟ್ಟಿ ಮ್ಯಾಲಿಂದ ಹುಡುಗರು ಜಿಗದಂಗ, ಎಲ್ಲಾರೂ ಒಮ್ಮೆಲೆ.
ಅಕಿ ಮೊಣಕೈ ತನಕ ಅದ್ದಿದ್ಲು.
‘ಹೋತಾ?’
‘ನೀರಾಗ ಇರೂ ತನಕ ಹೋತು.’

ನಾಂಗರತಾಸದಾಗ ಅದೇ ಹೊಳಿ ಮೈ ಹಿಡಿ ಮಾಡಿ
ಬಂಡಿಗಲ್ಲಿನ ಸೀಳಿನ್ಯಾಗ ತಲಿಕೆಳಗಾಗಿ ಹೋಗತೈತಿ.
ನಾಂಗರ ಅಂದ್ರ ನೇಗಿಲು, ತಿಳಿಸಿ ಹೇಳಿದೆ,
ದೇವರು ಕಲ್ಲಿನ್ಯಾಗ ಹೂಡಿದ ಸಾಲಂತ ಇದು.
‘ಒಂದೇ ಸಾಲಿಗೆ ಬಿಟ್ಟಾನ ನೋಡು,
ಕೂಲಿ ಸಿಕ್ಕಿರಲಿಕ್ಕಿಲ್ಲ.’
ಕಂಬಿ ಹಚ್ಚ್ಯಾರ, ನೀರು ಮುಟ್ಟಾಕ ಬರೂದಿಲ್ಲ.
ಕಂಬಿ ಆಚಿ ಎರಡೂ ಕೈ ಚಾಚಿ ನಿಂತ್ಲು.
ಕೆಳಗಿಂದ ತುಂತುರು ಎದ್ದು ಬಂದು
ಬೀಸೂಕಲ್ಲಿನ ಹಿಟ್ಟಿನಂಗ ಕೈ ಮ್ಯಾಲೆ ಕುಂತಿತು.
ಫೋಟೋ ಹೊಡಿಯೂ ಹುಡುಗ ‘ಮಾವಶೀ, ಬಾಜೂಲಾ’ ಅಂದ.
ಸರದ್ವಿ.

ಘಟ್ಟದ ದೊಡ್ಡ ಧಬಧಬಿ ನಮ್ಮ ಹೊಳೀದಲ್ಲ, ಅಂದೆ,
ಗುಡ್ಡದ ನೆತ್ತಿಗೆ ಬಿದ್ದ ಮಳಿ ಅಲ್ಲೇ ಪಾಲಾಗತೈತಿ,
ಆ ಪಾಲು ಕೊಂಕಣಕ್ಕ ಹೋಗತೈತಿ.
‘ಉರಿ ನಮ್ಮದು. ನೀರು ಯಾರದರೆ ಇರವಲ್ಲದ್ಯಾಕ.’
ಹೋದ್ವಿ.
ಸುಟ್ಟ ಮೆಕ್ಕಿತೆನಿ, ಸ್ಪೀಕರು, ತೊಯ್ದ ಚಡ್ಡಿ,
ಮ್ಯಾಲಿಂದ ಬೀಳೂ ನೀರು ಆಳು ನೋಡಿ ಬಡೀಲಿಲ್ಲ.
ಅಕಿ ಅಂಗೈ ಒಡ್ಡಿದ್ಲು. ಪೆಟ್ಟು ತಿಂದು
ಕೆಂಪಗಾದುವು, ತಂಪಾಗಲಿಲ್ಲ.

ಕಡೀಕ ಹಿರಣ್ಯಕೇಶಿ ಗವಿ.
ಅಲ್ಲಿ ಧಬಧಬಿ ಇಲ್ಲ, ಸಪ್ಪಳನೂ ಇಲ್ಲ.
ಕಲ್ಲಿನ ಕತ್ತಲದಿಂದ ಹೊಳಿ
ಗೊತ್ತಾಗದಂಗ ಹೊರಗ ಬರತೈತಿ,
ಮಂದಿ ಮನ್ಯಾಗಿನ ಸೊಸಿ ನಸುಕಿನ್ಯಾಗ ಎದ್ದು ಬಂದಂಗ.
ನಮ್ಮೂರ ಬ್ರಿಜ್ಜಿನ ಕೆಳಗ ಅಷ್ಟು ದೊಡ್ಡದಾಗೂದು
ಇದೇನಾ ಅಂದ್ಲು.
ಇದೇ.

ಈಗ ಅದ್ದು, ಅಂದೆ.
ಸಾವಂತ್ರೆವ್ವ ಕೈ ಬೆನ್ನ ಹಿಂದ ಕಟ್ಟಿಕೊಂಡ್ಲು.
‘ಇಲ್ಲಿ ಅದ್ದಿದ್ರ ಖಾರ ಊರ ತನಕ ಹೋಗತೈತಿ.
ಆಜ್ರಾದವರು ಕುಡೀತಾರ, ನೀ ಕುಡೀತಿ,
ಆಚಿ ಸಂಕೇಶ್ವರದಾಗ ನನ್ನ ತಂಗಿ ಮಕ್ಕಳು.’
ಇಡೀ ದಿನಾ ಹೊಳೀಗೆ ಖಾರ ತಿನಿಸಿದಾಕಿ,
ಈಗ ನೆನಪಾತು ಅಕಿಗೆ.

ಅದಕ್ಕ ಹುಲ್ಲಿನ ದಂಡಿಗೆ ಕುಂದರಿಸಿ
ಬೊಗಸಿ ಬೊಗಸಿ ತಂದು ನಾನೇ ಕೈಗೆ ಸುರುವಿದೆ.
ನೀರು ನೆಲಕ್ಕ ಇಂಗತಿತ್ತು.
ಹಾದೀ ಅರ್ಧ ಬೆರಳ ಸಂದ್ಯಾಗ ಸೋರತಿತ್ತು,
ಹೋಗಿ ಬಂದು, ಹೋಗಿ ಬಂದು,
ತುಟಿ ಅಲುಗಸದ ಎಣಸತಿದ್ದೆ.
ನಲವತ್ತು. ನಲವತ್ತೊಂದು.
ಎಲ್ಲೂ ಕಾಲು ಜಾರಲಿಲ್ಲ.
ನಲವತ್ತೊಂಬತ್ತು. ಐವತ್ತು.

ಸಾಕು ಬಿಡಽ, ಅಂದ್ಲು.
ಐವತ್ತೊಂದು.